ಅಂಗನವಾಡಿ ಮಿಸ್ ಬಳಪ ತಿನ್ನುತ್ತಿದ್ದ ಕಾಲ

ನಾನು ಬಳಪ ತಿನ್ನುತ್ತಿದ್ದೆ. ಮಕ್ಕಳು ಸ್ಲೇಟಿನ ಮೇಲೆ ಬರೆಯುವ ಬಳಪ. ಮೊದಲು ದಿನಕ್ಕೆ ಒಂದು ತುಂಡು, ಆಮೇಲೆ ಎರಡು ಮೂರು, ಕೊನೆಗೆ ಎಷ್ಟೆಂದು ನೋಡುವುದನ್ನೇ ಬಿಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಾಯಿಲೆಯ ವಿಷಯದಲ್ಲಿ ನಾನು ಮುಚ್ಚಿಟ್ಟಿದ್ದು ಸಾಕಷ್ಟಾಗಿದೆ, ಅದರಿಂದ ಆದ ಅನಾಹುತವೂ ಸಾಕಷ್ಟಾಗಿದೆ.

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಹದಿನಾಲ್ಕು ವರ್ಷದ ಸರ್ವಿಸು. ಊರಿಗೆಲ್ಲ ನಾನು ಮಿಸ್. ಶಶಿಕಲಾ ಅನ್ನುವ ಹೆಸರು ನನ್ನ ಅತ್ತೆಗೂ ಗಂಡನಿಗೂ ಬಿಟ್ಟರೆ ಇನ್ನು ಯಾರಿಗೂ ನೆನಪಿರಲಿಕ್ಕಿಲ್ಲ. ಮಕ್ಕಳ ತೂಕ ನೋಡುವುದು, ಅವಕ್ಕೆ ಬೇಯಿಸಿ ಹಾಕುವುದು, ಬಸುರಿಯರಿಗೆ ಮಧ್ಯಾಹ್ನ ಊಟ ಬಡಿಸಿ, ಅವರು ಕಬ್ಬಿಣಾಂಶದ ಮಾತ್ರೆ ನುಂಗುತ್ತಾರೋ ಇಲ್ಲವೋ ಎಂದು ವಿಚಾರಿಸುವುದು ನನ್ನ ಕೆಲಸ. ಮಣ್ಣು ತಿನ್ನುವ ಮಗುವನ್ನು ಕಂಡರೆ "ಇದಕ್ಕೆ ರಕ್ತ ಕಮ್ಮಿ ಕಣಮ್ಮ, ಆಸ್ಪತ್ರೆಗೆ ತೋರ್ಸು" ಅನ್ನುವವಳೂ ನಾನೇ. ಗೋಡೆಯ ಮೇಲೆ ದೊಡ್ಡ ಚಾರ್ಟು ಇದೆ. ಸೊಪ್ಪು, ಕಾಳು, ಹಾಲು, ಮೊಟ್ಟೆ, ರಾಗಿ. ಆ ಚಾರ್ಟಿಗೆ ಬೆನ್ನು ಕೊಟ್ಟು ಕೂತು ನಾನು ಬಳಪ ಕಡಿಯುತ್ತಿದ್ದೆ.

ಶುರುವಾಗಿದ್ದು ಹೊಟ್ಟೆಯಿಂದ. ಬೆಳಿಗ್ಗೆ ಕಾಫಿ ಕುಡಿದ ತಕ್ಷಣ ಒಂದು ಸಲ ಓಡುತ್ತಿದ್ದವಳು ಮೂರು ಸಲ ಓಡತೊಡಗಿದೆ. ಸೀರೆ ಉಟ್ಟು, ಬ್ಯಾಗು ಹಿಡಿದು, ಚಪ್ಪಲಿ ಮೆಟ್ಟಿದ ಮೇಲೆ ಮತ್ತೊಂದು ಸಲ. ಕೆಲವು ವಾರ ನಾಲ್ಕು ದಿನ ಏನೂ ಇಲ್ಲ, ಐದನೇ ದಿನ ಎಲ್ಲ ಒಟ್ಟಿಗೆ. ಹೊಟ್ಟೆ ತಮಟೆಯ ಹಾಗೆ ಉಬ್ಬುತ್ತಿತ್ತು. "ಏನ್ ಮಿಸ್, ವಿಶೇಷನಾ?" ಎಂದು ಕೇಳಿದವರೂ ಇದ್ದಾರೆ. ನನಗಾಗ ನಲವತ್ತೊಂದು.

ಅಂಗನವಾಡಿಯಲ್ಲಿ ಇರುವುದು ಮಕ್ಕಳ ಅಳತೆಯ ಪುಟ್ಟ ಕಕ್ಕಸಿನ ಬೇಸಿನ್ನು, ಅದಕ್ಕೂ ನೀರು ಬರುವುದಿಲ್ಲ. ಸಹಾಯಕಿಯ ಹುದ್ದೆ ಖಾಲಿ ಬಿದ್ದು ಎರಡು ವರ್ಷವಾಗಿತ್ತು. ಹತ್ತೊಂಬತ್ತು ಮಕ್ಕಳನ್ನು ಬಿಟ್ಟು ಮನೆಗೆ ಓಡುವ ಹಾಗಿಲ್ಲ. ಒಂದು ದಿನ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಬೆವರುತ್ತ ನಿಂತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯ ಸೊಸೆ ನೋಡಿದಳು. ಅವಳನ್ನು ಇಲ್ಲಿ ರೂಪಾ ಅನ್ನುತ್ತೇನೆ, ಅದು ಅವಳ ನಿಜವಾದ ಹೆಸರಲ್ಲ. ಮದುವೆಯಾಗಿ ಬಂದು ಆರು ತಿಂಗಳಾಗಿತ್ತು, ಇಪ್ಪತ್ತೊಂದು ವರ್ಷದ ಹುಡುಗಿ. ಏನು ಎತ್ತ ಎಂದು ಒಂದು ಮಾತೂ ಕೇಳಲಿಲ್ಲ.

"ನಮ್ಮನೆ ಹಿತ್ಲಲ್ಲೈತೆ ಮಿಸ್, ಹೋಗ್ಬನ್ನಿ. ಮಕ್ಳನ್ನ ನಾನ್ ನೋಡ್ಕೊತೀನಿ," ಅಂದಳು.

ಅವತ್ತಿನಿಂದ ಅದೇ ರೂಢಿಯಾಯಿತು. ನಾನು ಅವಳ ಹಿತ್ತಲಿಗೆ ಹೋಗುವುದು, ಅವಳು ಬಂದು ಮಕ್ಕಳಿಗೆ ಹಾಡು ಹೇಳಿಕೊಡುವುದು. ಊರಿನಲ್ಲಿ ಒಬ್ಬರಿಗೂ ಅವಳು ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ನನಗೆ ತಿಳಿಯುತ್ತಿತ್ತು, ನಮ್ಮೂರಿನಲ್ಲಿ ಇಂಥದ್ದು ಸಂಜೆಯೊಳಗೆ ತಿರುಗಿ ಬರುತ್ತದೆ.

ತಿಂಗಳ ಮೀಟಿಂಗು ಗುಬ್ಬಿಯಲ್ಲಿ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು ನನಗೆ. ಒಂದು ಸಲ ಅರ್ಧ ದಾರಿಯಲ್ಲಿ ಕಂಡಕ್ಟರಿಗೆ "ಸ್ವಲ್ಪ ನಿಲ್ಸಿ, ವಾಂತಿ ಬತ್ತೈತೆ" ಎಂದು ಸುಳ್ಳು ಹೇಳಿ ಇಳಿದು ತೋಟದೊಳಗೆ ಓಡಿದೆ. ವಾಂತಿಗೆ ಯಾರೂ ಅಷ್ಟು ದೂರ ಓಡುವುದಿಲ್ಲ. ತಿರುಗಿ ಬಂದಾಗ ಬಸ್ಸು ನಿಂತೇ ಇತ್ತು, ಕಿಟಕಿಗೊಂದು ತಲೆ. ಮುಂದಿನ ಮೀಟಿಂಗಿನಿಂದ ಹಿಂದಿನ ದಿನ ಮಧ್ಯಾಹ್ನದಿಂದಲೇ ಊಟ ಬಿಡತೊಡಗಿದೆ. ಕುಣಿಗಲ್ಲಿನಲ್ಲಿ ನನ್ನ ಅಣ್ಣನ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಅಣ್ಣ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಅಷ್ಟು ಜನರ ನಡುವೆ ಪಂಕ್ತಿಯಲ್ಲಿ ಕೂತು ಅರ್ಧಕ್ಕೆ ಏಳುವುದು ಹೇಗೆ ಎಂದು ಅವನಿಗೆ ಹೇಳಲು ನನಗೆ ನಾಚಿಕೆ.

ಡಾಕ್ಟರ ಹತ್ತಿರ ಹೋಗದೆ ಇರಲಿಲ್ಲ. ಗುಬ್ಬಿಯಲ್ಲಿ ಜಂತುಮಾತ್ರೆ ಕೊಟ್ಟರು. ತುಮಕೂರಿನಲ್ಲಿ ಸ್ಕ್ಯಾನು ಮಾಡಿಸಿದರು, ಮಲ ಪರೀಕ್ಷೆ ಮಾಡಿಸಿದರು, ಎಲ್ಲ ನಾರ್ಮಲ್. "ಐ.ಬಿ.ಎಸ್. ಅಂತೀವಿ ಇದಕ್ಕೆ. ಕರುಳಲ್ಲಿ ಗಾಯ ಇಲ್ಲ, ಗಡ್ಡೆ ಇಲ್ಲ. ಟೆನ್ಷನ್ ಮಾಡ್ಕೋಬೇಡಿ, ಯಾವುದು ತಿಂದ್ರೆ ಆಗಲ್ವೋ ಅದನ್ನ ಬಿಡಿ" ಎಂದು ಎರಡು ನಿಮಿಷದಲ್ಲಿ ಕಳಿಸಿದರು. ನನ್ನ ಯಜಮಾನರು ನಾಗರಾಜು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸದವರು. ಅವರಿಗೆ ಒಂದೇ ಪದ ಕೇಳಿಸಿತ್ತು. "ನಾರ್ಮಲ್ ಅಂದ್ರಲ್ಲ, ಇನ್ನೇನು ಬುಡು," ಅಂದರು. ರೋಗ ಇಲ್ಲ ಅನ್ನುವ ಕಾಗದ ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಶೌಚಾಲಯದ ಮುಂದೆ ಕ್ಯೂ ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಗದ್ದನ್ನು ಬಿಡಿ ಅಂದರಲ್ಲ, ಆ ಮಾತನ್ನು ನನ್ನ ಅತ್ತೆ ಗೌರಮ್ಮನವರು ಗಟ್ಟಿಯಾಗಿ ಹಿಡಿದುಕೊಂಡರು. ನಮ್ಮ ಕಡೆ ಕಾಯಿಲೆ ಅಂದರೆ ಮೊದಲ ಮದ್ದು ಪಥ್ಯ. ಬಾಣಂತಿಗೆ ಪಥ್ಯ, ಜ್ವರಕ್ಕೆ ಪಥ್ಯ, ಕಾಮಾಲೆಗೆ ಪಥ್ಯ. ಮೊದಲು ಅವರೆಕಾಯಿ ಹೋಯಿತು, ವಾಯು ಅಂತ. ಆಮೇಲೆ ತೊಗರಿಬೇಳೆ, ಹುರುಳಿ, ಅಲಸಂದೆ. ಸೊಪ್ಪು ಹೋಯಿತು, ನಾರು ಕರುಳಿಗೆ ಚುಚ್ಚುತ್ತದಂತೆ. ಹಾಲು ಹೋಯಿತು. ಕೊನೆಗೆ ಮುದ್ದೆಯೂ ಹೋಯಿತು, ಭಾರ ಅಂತ. ಹುಟ್ಟಿದಾಗಿನಿಂದ ಮುದ್ದೆ ನುಂಗಿದ ಗಂಟಲು ನನ್ನದು. ಉಳಿದದ್ದು ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಮೆಣಸಿನ ಸಾರು, ನೀರು ಮಜ್ಜಿಗೆ, ನಾಲ್ಕು ಬಿಸ್ಕತ್ತು.

"ಕರುಳಿಗೆ ರೆಸ್ಟ್ ಕೊಡ್ಬೇಕು ಕಣೇ ಶಶಿ. ಹಸುಗೂಸು ಥರ ನೋಡ್ಕೊಬೇಕು ಅದನ್ನ," ಅನ್ನುತ್ತಿದ್ದರು.

ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮೊದಲು ನನಗೆಂದು ಬೇರೆ ಪಾತ್ರೆಯಲ್ಲಿ ಅನ್ನ ಇಡುತ್ತಿದ್ದರು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಗಂಡಸರಿಗಿಂತ ಮೊದಲು ನನ್ನ ಮುಂದೆ ತಟ್ಟೆ ಬಂದದ್ದು ಆ ತಿಂಗಳುಗಳಲ್ಲೇ. ನೀರು ಸಾರನ್ನ ಉಣ್ಣುವಾಗ ಅವರು ಎದುರಿಗೆ ಕೂತು ನೋಡುತ್ತಿದ್ದರು. ಆ ಪ್ರೀತಿ ನನಗೆ ಎಷ್ಟು ಹಿತವಾಗಿತ್ತೆಂದರೆ, ಚಾರ್ಟಿನಲ್ಲಿದ್ದ ಒಂದೊಂದೇ ಪದಾರ್ಥ ನನ್ನ ತಟ್ಟೆಯಿಂದ ಹೋಗುತ್ತಿರುವುದು ಕಂಡೂ ಕಾಣಲಿಲ್ಲ. ಊರ ಮಕ್ಕಳ ತಟ್ಟೆ ನೋಡುವವಳು ನನ್ನದೇ ತಟ್ಟೆ ನೋಡಿಕೊಳ್ಳಲಿಲ್ಲ.

ಹೊಟ್ಟೆ ತಹಬಂದಿಗೆ ಬಂತು, ಅದೇ ಮೋಸ. ಐದಾರು ಸಲ ಇದ್ದದ್ದು ಎರಡು ಸಲಕ್ಕೆ ಇಳಿಯಿತು. ನಾನು ಗೆದ್ದೆ ಅಂದುಕೊಂಡೆ. ಎಂಟು ತಿಂಗಳು ಹಾಗೇ ನಡೆಯಿತು. ಕೂದಲು ಬಾಚಣಿಗೆಯಲ್ಲಿ ಕಂತೆ ಕಂತೆ ಬರತೊಡಗಿತು. ಉಗುರು ಮಧ್ಯದಲ್ಲಿ ತಗ್ಗಾಯಿತು. ಬಸುರಿಯರ ತೂಕದ ಯಂತ್ರದ ಮೇಲೆ ಯಾರೂ ಇಲ್ಲದಾಗ ಹತ್ತಿ ನಿಂತರೆ ಐವತ್ತಾರು ಇದ್ದದ್ದು ನಲವತ್ತನಾಲ್ಕು. ನಮ್ಮವರ ರಜೆ ದಿನ ದೇವರಾಯನದುರ್ಗಕ್ಕೆ ಹೋದೆವು. ಹತ್ತಿಪ್ಪತ್ತು ಮೆಟ್ಟಿಲಿಗೇ ಎದೆ ಹೊಡೆದುಕೊಂಡು ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ನಾನು ಕೆಳಗೇ ಕೂತೆ, ಅತ್ತೆ ಅರವತ್ತೆಂಟು ವರ್ಷದವರು ಹತ್ತಿ ಹೋಗಿ ಪ್ರಸಾದ ತಂದರು. ಬಳಪದ ಚಪಲ ಶುರುವಾಗಿದ್ದು ಆ ದಿನಗಳಲ್ಲೇ. ಹೊಸ ಡಬ್ಬ ತೆರೆದಾಗ ಬರುವ ಧೂಳಿನ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಅದೇನೆಂದು ನನಗೆ ಗೊತ್ತಿತ್ತು, ಹದಿನಾಲ್ಕು ವರ್ಷ ಬೇರೆಯವರಿಗೆ ಹೇಳಿದ್ದೇನಲ್ಲ. ಆದರೂ ತಿಂದೆ.

ಈಗ ನಾನು ಹೇಳಲೇಬೇಕಾದ ದಿನಕ್ಕೆ ಬರುತ್ತೇನೆ. ರೂಪಾ ಅಷ್ಟು ಹೊತ್ತಿಗೆ ಐದು ತಿಂಗಳ ಬಸುರಿ. ಒಂದು ಬೆಳಿಗ್ಗೆ ಅವಳ ಹಿತ್ತಲಿಗೆ ಹೋಗುವಾಗ ತೆಂಗಿನ ಮರದ ಪಾತಿಯಲ್ಲಿ ಕೆಂಪಗೆ ಏನೋ ಕಂಡಿತು. ಬಗ್ಗಿ ನೋಡಿದರೆ ಕಬ್ಬಿಣದ ಮಾತ್ರೆಗಳು. ನೀರಲ್ಲಿ ನೆಂದು ಬಣ್ಣ ಬಿಟ್ಟಿದ್ದವು, ಒಂದೆರಡಲ್ಲ, ತಿಂಗಳಷ್ಟು. ಅವಳದೇ ಬಾತ್‌ರೂಮಿಗೆ ಹೋಗಿ ಬಂದು, ಅವಳದೇ ನಲ್ಲಿಯಲ್ಲಿ ಕೈ ತೊಳೆದು, ನಾನು ಸಿಟ್ಟು ಬೆಳೆಸಿಕೊಂಡು ಬಂದೆ.

ಅದೇ ದಿನ ಆಸ್ಪತ್ರೆಯ ಸಿಸ್ಟರು ಬಸುರಿಯರ ರಕ್ತ ಪರೀಕ್ಷೆಗೆ ಬಂದಿದ್ದರು. ಊರಿನ ಹತ್ತು ಹನ್ನೆರಡು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ರೂಪಾಳ ಬೆರಳು ಚುಚ್ಚಿ ನೋಡಿದ ಸಿಸ್ಟರು, ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ "ಏಳು ಪಾಯಿಂಟ್ ಎಂಟು" ಎಂದು ಮೆಲ್ಲಗೆ ನನಗೆ ಹೇಳಿದರು. ನಾನು ಅದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ನೋಡ್ರಮ್ಮ, ಏಳು ಪಾಯಿಂಟ್ ಎಂಟಂತೆ. ಯಾಕೆ ಗೊತ್ತಾ? ಸರ್ಕಾರದ ಮಾತ್ರೆನೆಲ್ಲ ಇವಳು ತೆಂಗಿನ ಮರಕ್ಕೆ ತಿನ್ನಿಸವ್ಳೆ. ಮರಕ್ಕೆ ಹೆರಿಗೆ ಮಾಡುಸ್ತೀಯೇನಮ್ಮ?"

ಹೆಂಗಸರು ನಕ್ಕರು. ರೂಪಾಳ ಅತ್ತೆ ನಗಲಿಲ್ಲ. ರೂಪಾ ತಲೆ ಬಗ್ಗಿಸಿಕೊಂಡೇ, "ಅದು ತಗೊಂಡ್ರೆ ಹೊಟ್ಟೆ ಕಿವುಚ್ತದೆ ಮಿಸ್, ಒಳಗೆ ನಿಲ್ಲಲ್ಲ," ಅಂದಳು.

"ಎಲ್ಲಾರ್ಗೂ ನಿಲ್ತದೆ, ನಿಂಗೊಬ್ಳಿಗೆ ನಿಲ್ಲಲ್ವಾ? ನೆವ ಹೇಳ್ಬೇಡ," ಅಂದೆ.

ಅವಳು ನನ್ನ ಮುಖ ನೋಡಿದಳು. ಅವಳಿಗೆ ನನ್ನ ಹೊಟ್ಟೆಯ ಕಥೆ ಗೊತ್ತಿತ್ತು. ಅಷ್ಟು ಜನರ ಮುಂದೆ ಒಂದು ಮಾತು ತಿರುಗಿ ಆಡಿದ್ದರೆ ನನ್ನ ಮಾನ ಹೋಗುತ್ತಿತ್ತು. ಆಡಲಿಲ್ಲ. ಇನ್ನು ಮೇಲೆ ನುಂಗುತ್ತೇನೆ ಎಂದು ಹೇಳಿ ಎದ್ದು ಹೋದಳು.

ಎಲ್ಲರೂ ಹೋದ ಮೇಲೆ ಸಿಸ್ಟರು ಸಾಮಾನು ಕಟ್ಟುತ್ತ, "ನಿಮ್ ಕೈ ಕೊಡಿ ಮಿಸ್, ಯಾಕೋ ಬಿಳಿಚ್ಕೊಂಡಿದೀರ" ಅಂದರು. ತಮಾಷೆಗೆ ಕೊಟ್ಟೆ. ಅವರು ಯಂತ್ರ ನೋಡಿದರು, ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು. ಆಮೇಲೆ ಯಂತ್ರವನ್ನೇ ನನ್ನ ಕಡೆ ತಿರುಗಿಸಿದರು. ಅದು ರೂಪಾಳದ್ದಕ್ಕಿಂತ ಕಡಿಮೆ ಇತ್ತು.

"ಯಾರಿಗೂ ಹೇಳ್ಬೇಡಿ ಸಿಸ್ಟರ್," ಅಂದೆ. ನನಗೆ ಮೊದಲು ಬಂದ ಮಾತೇ ಅದು.

ನಾಚಿಕೆಗೆ ನಾನು ಒಂದು ಒಳ್ಳೆಯ ಹೆಸರು ಕೊಟ್ಟುಕೊಂಡಿದ್ದೆ. ಮಿಸ್ಸಿಗೇ ರಕ್ತ ಇಲ್ಲ ಎಂದು ಊರಿಗೆ ಗೊತ್ತಾದರೆ ಯಾರು ಮಾತ್ರೆ ನುಂಗುತ್ತಾರೆ, ಯಾರು ನನ್ನ ಮಾತು ಕೇಳುತ್ತಾರೆ, ಎಂದು. ಮರುದಿನವೇ ಗುಬ್ಬಿಯಲ್ಲಿ ತೋರಿಸಿ ಮಾತ್ರೆ ತಂದೆ. ರೂಪಾಳ ಪಾತಿಯಲ್ಲಿ ಬಿದ್ದಿದ್ದಂಥವೇ. ಮೂರನೇ ದಿನಕ್ಕೆ ಹೊಟ್ಟೆ ಕಿವುಚತೊಡಗಿತು, ಮೈಯೆಲ್ಲ ಬೆವರು. ಎಂಟು ತಿಂಗಳ ಪಥ್ಯ ಒಂದು ವಾರದಲ್ಲಿ ನೀರಾಯಿತು. ಎರಡು ದಿನ ಕಟ್ಟಿಕೊಳ್ಳುವುದು, ಮೂರನೇ ದಿನ ಕರಿಯ ಭೇದಿ. ಊಟದ ಜೊತೆ ತೆಗೆದುಕೊಂಡೆ, ಊಟದ ನಂತರ ತೆಗೆದುಕೊಂಡೆ, ಅರ್ಧ ಮಾಡಿ ನುಂಗಿದೆ. ಹತ್ತನೇ ದಿನ ಅಂಗನವಾಡಿಯ ನುಗ್ಗೆ ಗಿಡದ ಬುಡದಲ್ಲಿ ಒಂದು ಕುಳಿ ತೋಡಿ ಉಳಿದ ಮಾತ್ರೆಗಳನ್ನೆಲ್ಲ ಹಾಕಿ ಮಣ್ಣು ಮುಚ್ಚಿದೆ. ಆ ಗಿಡಕ್ಕೂ ರೂಪಾಳ ತೆಂಗಿನ ಮರಕ್ಕೂ ಮಧ್ಯೆ ಒಂದು ಬೇಲಿ. ಅವಳ ಹಾಗೆ ಮೇಲೆ ಎಸೆಯಲಿಲ್ಲ ನಾನು, ಹೂತು ಹಾಕಿದೆ. ಅಷ್ಟೇ ವ್ಯತ್ಯಾಸ.

ಆಮೇಲಿನ ವಾರ ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದಾಗ ಕಣ್ಣು ಕತ್ತಲಿಟ್ಟು ಬಿದ್ದೆ. ಒಲೆಯ ಮೇಲೆ ಬೀಳದ್ದು ಪುಣ್ಯ. ನಾಗರಾಜು ಶಿಫ್ಟ್ ಬಿಟ್ಟು ಬಂದು ತುಮಕೂರಿಗೆ ಕರೆದುಕೊಂಡು ಹೋದರು. ಈ ಸಲ ಬೇರೆ ಡಾಕ್ಟರು, ಕರುಳಿನ ಕಾಯಿಲೆಯನ್ನೇ ನೋಡುವವರು. ಕಾಯುವ ಕೋಣೆಯಲ್ಲಿ ಎಪ್ಪತ್ತು ಎಂಬತ್ತು ಜನ. ನಾನು ಎಲ್ಲಿಗೆ ಹೋದರೂ ಶೌಚಾಲಯದ ಬಾಗಿಲು ಕಾಣುವ ಕುರ್ಚಿಯನ್ನೇ ಹುಡುಕುತ್ತೇನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಣ್ಣು ಎಲ್ಲಿದೆ ಎಂದು ಗಮನಿಸಿದ್ದರು ಅಂತ ಕಾಣುತ್ತದೆ.

"ಹೋಗ್ಬನ್ನಿ ಅಕ್ಕ, ಫೈಲು ನಂಗೆ ಕೊಡಿ. ನಿಮ್ ನಂಬರ್ ಬಂದ್ರೆ ನಾನ್ ಕೂಗ್ತೀನಿ. ನಂದೂ ಇದೇ ಪಾಡು," ಅಂದರು.

ನಂದೂ ಇದೇ ಪಾಡು. ಆ ಮೂರು ಪದಕ್ಕೆ ನನಗೆ ಅಲ್ಲೇ ಅಳು ಬಂತು. ಒಂದೂವರೆ ವರ್ಷದಲ್ಲಿ ನನಗೆ ಯಾರೂ ಅದನ್ನು ಹೇಳಿರಲಿಲ್ಲ. ಅವರ ಹೆಸರೂ ಕೇಳಲಿಲ್ಲ ನಾನು.

ಗಂಟಲಿಂದ ಒಂದು ಟ್ಯೂಬು, ಕೆಳಗಿಂದ ಒಂದು ಟ್ಯೂಬು, ಗೋಧಿ ಆಗುತ್ತದೋ ಇಲ್ಲವೋ ಎಂದು ಒಂದು ರಕ್ತ ಪರೀಕ್ಷೆ. ಬೇರೇನೂ ಇಲ್ಲ, ಅದೇ ಐ.ಬಿ.ಎಸ್. ಡಾಕ್ಟರಮ್ಮ ಫೈಲು ಮುಚ್ಚಿಟ್ಟು, "ದಿನಾ ಏನೇನ್ ತಿಂತೀರಿ, ಎಲ್ಲ ಹೇಳಿ" ಅಂದರು. ಹೇಳಿದೆ, ಎರಡು ವಾಕ್ಯದಲ್ಲಿ ಮುಗಿಯಿತು.

"ಶಶಿಕಲಾ ಅವ್ರೆ, ಈ ಕಾಯಿಲೆ ನಿಮ್ಮ ರಕ್ತ ಕುಡೀಲಿಲ್ಲ. ನೀವು ಉಪವಾಸ ಇದ್ದೀರಿ, ಅಷ್ಟೇ. ರಕ್ತಕ್ಕೆ ಕಬ್ಬಿಣ ಇಲ್ಲ, ಮೈಗೆ ಪ್ರೋಟೀನ್ ಇಲ್ಲ. ಮೂಳೆ ಮೇಲೆ ಮಾಂಸ ಎಲ್ಲಿಂದ ಬರ್ಬೇಕು?"

ರಿಪೋರ್ಟಿನ ದಿನ ಜೊತೆಗೆ ಬಂದಿದ್ದ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಅವರ ಕೈ ಸೆರಗಿನ ತುದಿಯನ್ನು ಸುತ್ತುತ್ತ ಇತ್ತು. ಮಾತ್ರೆ ನಿಲ್ಲುವುದಿಲ್ಲ ಎಂದು ನಾನು ಹೆದರುತ್ತಲೇ ಹೇಳಿದೆ, ನೆವ ಹೇಳಬೇಡ ಅನ್ನುತ್ತಾರೆ ಎಂದು ಕಾದೆ. ಡಾಕ್ಟರಮ್ಮ ತಲೆಯನ್ನೂ ಎತ್ತದೆ, "ತುಂಬ ಜನಕ್ಕೆ ನಿಲ್ಲಲ್ಲ. ಕಬ್ಬಿಣದ ಡ್ರಿಪ್ ಹಾಕೋಣ" ಎಂದು ಬರೆದರು.

ಐದು ಸಲ ತುಮಕೂರಿಗೆ ಹೋಗಿ ಹಾಕಿಸಿಕೊಂಡೆ. ಕಾಫಿ ಡಿಕಾಕ್ಷನ್ ಬಣ್ಣದ ನೀರು ಹನಿ ಹನಿಯಾಗಿ ಕೈಯೊಳಗೆ ಇಳಿಯುತ್ತಿತ್ತು. ಬಾಯೆಲ್ಲ ತುಕ್ಕಿನ ರುಚಿ. ಹೊಟ್ಟೆ ಮಾತ್ರ ತಣ್ಣಗಿತ್ತು. ನರ ಸಿಗದೆ ಚುಚ್ಚಿ ಚುಚ್ಚಿ ಮುಂಗೈಗೆ ಪಟ್ಟಿ ಕಟ್ಟಿದ್ದರು.

ಎರಡನೇ ಡ್ರಿಪ್ಪಿನ ಮರುದಿನ ರೂಪಾ ಮಧ್ಯಾಹ್ನದ ಊಟಕ್ಕೆ ಬಂದಿದ್ದಳು. ಆ ಪರೀಕ್ಷೆಯ ದಿನದಿಂದ ನಾನು ಅವಳ ಹಿತ್ತಲಿಗೆ ಹೋಗುವುದು ನಿಂತಿರಲಿಲ್ಲ, ಮಾತು ಮಾತ್ರ ನಿಂತಿತ್ತು. ಅವತ್ತು ಅವಳೇ ಕೇಳಿದಳು.

"ಕೈಗೇನಾಯ್ತು ಮಿಸ್?"

"ಏನಿಲ್ಲ, ಬಿ.ಪಿ. ಚೆಕಪ್ಪು," ಅಂದೆ. "ನೀನು ಮಾತ್ರೆ ನುಂಗ್ತಿದೀಯಾ?"

"ಹ್ಞೂಂ ಮಿಸ್."

ಇಬ್ಬರೂ ಸುಳ್ಳು ಹೇಳಿದೆವು. ಅವಳ ರೆಪ್ಪೆಯ ಒಳಗು ಬೆಳ್ಳಗೆ ಇದ್ದದ್ದನ್ನು ನಾನು ನೋಡಿದೆ. ಮಾತ್ರೆ ಆಗದವರಿಗೆ ಡ್ರಿಪ್ ಇದೆ ಎಂದು ಗೊತ್ತಿರಲಿಲ್ಲವೆಂದರೆ ಅದೂ ಸುಳ್ಳೇ, ಟ್ರೈನಿಂಗಿನಲ್ಲಿ ಹೇಳಿದ್ದರು, ಈಗ ನನ್ನ ಕೈಯೊಳಗೇ ಹೋಗುತ್ತಿತ್ತು. ನಂಗೂ ನಿಲ್ಲಲ್ಲ ಕಣೇ, ಬಾ ತೋರ್ಸೋಣ, ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಹೇಳಬೇಕಾದರೆ ಅವತ್ತು ಚಾಪೆಯ ಮೇಲೆ ಕೂತ ಅಷ್ಟು ಜನರ ಮುಂದೆ ನಾನಾಡಿದ್ದನ್ನು ನುಂಗಬೇಕಿತ್ತು. ಮುಂದಿನ ವಾರ ಹೇಳೋಣ ಅಂದುಕೊಂಡೆ. ಮುಂದಿನ ವಾರ ಅವಳ ತವರಿನವರು ಬಂದು, ಚೊಚ್ಚಲ ಹೆರಿಗೆಗೆಂದು ಕುಣಿಗಲ್ಲಿಗೆ ಕರೆದುಕೊಂಡು ಹೋದರು. ಏಳನೇ ತಿಂಗಳು ತುಂಬುವ ಮೊದಲೇ ಹೋದಳು. ನನ್ನ ಬಾಯಿಗೆ ಹೆದರಿ ಬೇಗ ಹೋದಳು ಅನ್ನುವುದು ನನ್ನ ಅನುಮಾನ.

ಡ್ರಿಪ್ಪು ರಕ್ತಕ್ಕೆ ದಾರಿ ಮಾಡಿತು. ತಿನ್ನುವುದನ್ನು ಮಾತ್ರ ನಾನೇ ಕಲಿಯಬೇಕಿತ್ತು. ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದ್ದರು. "ತೂಕ ಕಮ್ಮಿ ಇರೋ ಮಗು ಬಂದ್ರೆ ನಿಮ್ ಅಂಗನವಾಡೀಲಿ ಒಂದೇ ದಿನಕ್ಕೆ ತಟ್ಟೆ ತುಂಬ ಹಾಕ್ತೀರಾ?" ಇಲ್ಲ. ಚೂರು ಚೂರು, ಹೊತ್ತು ಹೊತ್ತಿಗೆ. ನನ್ನನ್ನೇ ಅಂಥ ಒಂದು ಮಗು ಅಂದುಕೊಂಡು ಶುರು ಮಾಡಿದೆ. ಒಂದು ಸಲಕ್ಕೆ ಒಂದೇ ಪದಾರ್ಥ, ಮೂರು ದಿನ, ಹೊಟ್ಟೆ ಒಪ್ಪಿದರೆ ಮುಂದಕ್ಕೆ.

ನುಣ್ಣಗೆ ಬೆಂದ ಹೆಸರುಬೇಳೆಯ ಕಟ್ಟು ಮೊದಲು ಒಪ್ಪಿತು. ಎರಡು ಚಮಚದಿಂದ ಒಂದು ಬಟ್ಟಲಿಗೆ ಬರಲು ಒಂದು ತಿಂಗಳು. ಹಾಲು ಆಗಲಿಲ್ಲ, ಗಟ್ಟಿ ಮೊಸರು ಆಯಿತು. ಮುದ್ದೆ ಆಗಲಿಲ್ಲ, ತೆಳ್ಳಗಿನ ರಾಗಿ ಗಂಜಿ ಆಯಿತು. ಬೇಯಿಸಿದ ಕಡಲೆಕಾಯಿ ಹತ್ತು ಬೀಜ ಆಯಿತು, ಇಪ್ಪತ್ತಕ್ಕೆ ಹೊಟ್ಟೆ ಎದ್ದು ಕೂತಿತು. ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲವೆಂದು ಊಟದ ಹಿಂದೆ ಮುಂದೆ ಕಾಫಿ ಬಿಟ್ಟೆ, ಅದು ಎಲ್ಲಕ್ಕಿಂತ ಕಷ್ಟವಾಯಿತು. ಹುರುಳಿ ಎರಡು ಸಲ ಸೋತಿತು. ಅವರೆಕಾಯಿಯ ಕಾಲ ಬಂದು ಬೀದಿಯೆಲ್ಲ ಸೊಗಡಿನ ವಾಸನೆ ಹರಡಿದಾಗ ತಡೆಯಲಾರದೆ ಒಂದು ಸೌಟು ಸಾರು ಹಾಕಿಸಿಕೊಂಡೆ. ಎರಡು ದಿನ ಹಾಸಿಗೆ ಹಿಡಿದು, ಒಂದು ಕಾಳಿಗೋಸ್ಕರ ಮಕ್ಕಳ ಹಾಗೆ ಅತ್ತುಬಿಟ್ಟೆ.

ಮೊಟ್ಟೆಯ ಮಾತು ಎಲ್ಲರೂ ಕೇಳುತ್ತಾರೆ. ನಾವು ಲಿಂಗವಂತರು. ಅಂಗನವಾಡಿಯಲ್ಲಿ ಮಕ್ಕಳಿಗೆ ಮೊಟ್ಟೆ ಬೇಯಿಸಿ ಸುಲಿದು ಕೊಡುತ್ತೇನೆ, ಮನೆಗೆ ಹೋಗಿ ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡುತ್ತೇನೆ. ನಾನು ಕದ್ದು ತಿಂದು ಬದುಕಿದೆ ಎಂದು ಬರೆದಿದ್ದರೆ ಓದುವವರಿಗೆ ಖುಷಿಯಾಗುತ್ತಿತ್ತೇನೋ. ಒಂದು ದಿನ ಬಾಗಿಲು ಹಾಕಿಕೊಂಡು ಬಿಳಿಭಾಗ ಬಾಯಿಗಿಟ್ಟೆ, ಗಂಟಲು ದಾಟಲಿಲ್ಲ. ಬೇರೆಯವರ ಗಂಟಲ ಬಗ್ಗೆ ಮಾತಾಡುವುದನ್ನು ಅವತ್ತಿನಿಂದ ಕಡಿಮೆ ಮಾಡಿದೆ.

ಅತ್ತೆ ತುಮಕೂರಿನಿಂದ ಬಂದ ಮೇಲೆ ಹದಿನೈದು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. "ನಾನೇ ನಿನ್ನ ಸೊರಗ್ಸಿದ್ನಾ?" ಎಂದು ಒಂದೇ ಒಂದು ಸಲ ಕೇಳಿದರು. ಇಲ್ಲ ಅತ್ತೆ ಅಂದೆ. ಅವರು ನಂಬಲಿಲ್ಲ. ಆಮೇಲೆ ಒಂದು ದಿನ ತಾವೇ ನುಗ್ಗೆಯ ಎಳೆ ಚಿಗುರು ಕುಯ್ದು ತಂದು, ಕಡ್ಡಿಯೆಲ್ಲ ಬಿಡಿಸಿ, ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಎಲೆ ಆರಿಸಿದರು. ಬೇಳೆ ಕಟ್ಟಿನಲ್ಲಿ ಒಂದು ಹಿಡಿಯಷ್ಟು ಬೇಯಿಸಿ, ನಿಂಬೆಹುಳಿ ಹಿಂಡಿ, ನನ್ನ ಮುಂದೆ ಇಟ್ಟರು. "ಆಗ್ಲಿಲ್ಲ ಅಂದ್ರೆ ಹೇಳು, ಬಲವಂತ ಇಲ್ಲ," ಅಂದರು. ಮೂರನೇ ಸಲಕ್ಕೆ ಆಯಿತು. ಅದು ಅಂಗನವಾಡಿಯ ಗಿಡದ್ದೇ ಸೊಪ್ಪು, ನಾನು ಮಾತ್ರೆ ಹೂತ ಬುಡದ್ದು, ಎಂದು ಆಮೇಲೆ ತಿಳಿಯಿತು.

ನನ್ನ ರಕ್ತ ಹತ್ತಕ್ಕೆ ಏರಿದ ವಾರವೇ ಸುದ್ದಿ ಬಂತು. ಅವತ್ತೂ ನಾನು ಅವರ ಹಿತ್ತಲಿಗೇ ಹೊರಟಿದ್ದೆ. ರೂಪಾಳ ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು.

"ಹೆಣ್ಣು ಕೂಸು ಮಿಸ್. ಕೂಸು ಬದ್ಕೈತೆ," ಅಂದರು. "ಇವ್ಳಿಗೆ ರಕ್ತ ನಿಲ್ಲಲೇ ಇಲ್ವಂತೆ. ಮೊದ್ಲೇ ಇರ್ಲಿಲ್ವಂತಲ್ಲ ಮೈಯಾಗೆ. ಕುಣಿಗಲ್ಲಿಂದ ತುಮಕೂರಿಗೆ ಸಾಗ್ಸಿದ್ರು. ಜೀವ ಉಳೀಲಿ ಅಂತ ಗರ್ಭಕೋಶ ತೆಗ್ದವ್ರೆ."

ನಾನು ತಡೆಯಲಾರದೆ ಅವರ ಬಾತ್‌ರೂಮಿಗೇ ಹೋದೆ. ಅಲ್ಲಿ ಕೂತು ಸೆರಗು ಬಾಯಿಗೆ ತುರುಕಿಕೊಂಡೆ. ಡ್ರಿಪ್ ಹಾಕಿಸಿದ್ದರೆ ಹೀಗೆ ಆಗುತ್ತಿರಲಿಲ್ಲ ಎಂದು ಯಾವ ಡಾಕ್ಟರೂ ನನಗೆ ಹೇಳಿಲ್ಲ. ಆದರೂ ಆಗುತ್ತಿತ್ತು ಎಂದೂ ಯಾರೂ ಹೇಳಿಲ್ಲ.

ಐದು ತಿಂಗಳ ಬಾಣಂತನ ಮುಗಿಸಿ ರೂಪಾ ಊರಿಗೆ ಬಂದಳು. ಮಗುವಿನ ತೂಕ ಹಾಕಿಸಲು ಅಂಗನವಾಡಿಗೆ ಬಂದ ದಿನ ನಾನು ಎಲ್ಲ ಹೇಳಿದೆ. ಮಾತ್ರೆ ನನಗೂ ನಿಂತಿರಲಿಲ್ಲ, ಪಟ್ಟಿ ಬಿ.ಪಿ.ಯದ್ದಲ್ಲ, ನುಗ್ಗೆ ಗಿಡದ ಬುಡದಲ್ಲಿ ಏನಿದೆ, ಎಲ್ಲ. ಅವಳು ಮಗುವನ್ನು ತೊಡೆಯ ಮೇಲೆ ತಟ್ಟುತ್ತ ಕೇಳಿಸಿಕೊಂಡಳು.

"ಅವತ್ತು ನಿಮ್ದೆಷ್ಟಿತ್ತು ಮಿಸ್?"

ಹೇಳಿದೆ.

"ನಂಗಿಂತ ಕಮ್ಮಿ," ಅಂದಳು. ಮಗುವಿನ ಕಾಲಿನ ಬೆರಳು ಹಿಡಿದುಕೊಂಡಳು. "ದಿನಾ ನಮ್ಮನೆಗೆ ಬತ್ತಿದ್ರಲ್ಲ ಮಿಸ್. ಒಂದ್ ಮಾತು ಹೇಳ್ಬಹುದಿತ್ತು, ನಂಗೂ ಹಂಗೇ ಆಯ್ತದೆ ಕಣೇ ಅಂತ. ನಾನು ನಾನೊಬ್ಳೇ ಹಿಂಗೆ ಅಂದ್ಕೊಂಡಿದ್ದೆ."

ಕ್ಷಮಿಸು ಅಂದೆ. ಅವಳು ಮಗುವಿನ ತೂಕ ಎಷ್ಟು ಬಂತು ಎಂದು ಕೇಳಿ, ಕಾರ್ಡು ತೆಗೆದುಕೊಂಡು ಹೋದಳು.

ನನ್ನ ಹೊಟ್ಟೆ ಇವತ್ತಿಗೂ ವಾಸಿಯಾಗಿಲ್ಲ, ಆಗುವುದೂ ಇಲ್ಲವಂತೆ. ರಕ್ತ ಹನ್ನೊಂದರ ಹತ್ತಿರ ನಿಂತಿದೆ, ಬಳಪದ ಚಪಲ ಹೋಗಿದೆ. ಈಗ ಬಸುರಿಯರನ್ನು ಒಬ್ಬೊಬ್ಬರನ್ನೇ ಒಳಗೆ ಕರೆದು, ಮಾತ್ರೆ ನಿಲ್ಲುತ್ತದಾ, ನಿಲ್ಲದಿದ್ದರೆ ಹೇಳು, ನನಗೂ ನಿಲ್ಲಲಿಲ್ಲ, ಎಂದು ಕೇಳುತ್ತೇನೆ. ಯಾರ ನಂಬರನ್ನೂ ಜೋರಾಗಿ ಓದುವುದಿಲ್ಲ. ರೂಪಾ ತಾಯಂದಿರ ಸಭೆಗೆ ಬರುವುದಿಲ್ಲ, ಮಗುವನ್ನು ಅತ್ತೆಯ ಕೈಲಿ ಕಳಿಸುತ್ತಾಳೆ. ನಾನು ಬೇಲಿಯ ಹತ್ತಿರ ಹೊಟ್ಟೆ ಹಿಡಿದು ನಿಂತದ್ದು ಕಂಡರೆ ಮಾತ್ರ ಮಗುವನ್ನು ಸೊಂಟಕ್ಕೇರಿಸಿಕೊಂಡು ಈಚೆ ಬಂದು, ಮುಖ ನೋಡದೆ, "ಹೋಗ್ಬನ್ನಿ" ಅನ್ನುತ್ತಾಳೆ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದೆ. ನಿನ್ನ ವಿಷಯ ಬರೆಯಲಾ, ಬೇಡ ಅಂದರೆ ಬಿಡುತ್ತೇನೆ, ಅಂದೆ.

"ಬರೀರಿ ಮಿಸ್. ಆದ್ರೆ ನಂದೊಂದೇ ನಂಬರ್ ಹೇಳ್ಬೇಡಿ ಈ ಸಲ. ನಿಮ್ದೂ ಹೇಳಿ."

ಅವತ್ತು ನನ್ನದು ಆರು ಪಾಯಿಂಟ್ ನಾಲ್ಕು ಇತ್ತು.